ಓದಲಾಗದ ಮಗುವನ್ನು ಗುರುತಿಸುವುದು ಹೇಗೆಂದು ನಮ್ಮ ಟೀಚರ್‌ಗಳಿಗೆ ಕಲಿಸಿ

ಮಾನ್ಯ ಪ್ರಾಂಶುಪಾಲರು, ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ (ಡಯಟ್), ಮುನಿರಾಬಾದ್. ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕೊಪ್ಪಳ. ಮತ್ತು ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಧ್ಯಕ್ಷರಿಗೆ,

ನಮಸ್ಕಾರ.

ನಾನು ಗಂಗಾವತಿಯಲ್ಲಿ ಮನೆಪಾಠ ಹೇಳುವವಳು. ಸಂಜೆ ಸಾಲಿ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ. ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವವರ ಮಕ್ಕಳು, ಆಟೋ ಓಡಿಸುವವರ ಮಕ್ಕಳು, ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಸುತ್ತಲಿನ ಕ್ಯಾಂಪ್‌ಗಳಿಂದ ಬರುವ ತೆಲುಗು ಮನೆಮಾತಿನ ಮಕ್ಕಳು. ಸರ್ಕಾರಿ ಶಾಲೆಯವರೂ ಇದ್ದಾರೆ, ಖಾಸಗಿ ಶಾಲೆಯವರೂ ಇದ್ದಾರೆ. ಮನೆಪಾಠಕ್ಕೆ ಮಕ್ಕಳನ್ನು ಯಾಕೆ ಕಳಿಸುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ಬಹಳ ಸಲ ಕಾರಣ ಒಂದೇ, ಮಗುವಿಗೆ ಓದಲು ಬರುತ್ತಿಲ್ಲ. ಹಾಗಾಗಿ ಬೇರೆ ಬೇರೆ ಶಾಲೆಗಳ, ಓದಲು ಒದ್ದಾಡುವ ಮಕ್ಕಳೇ ನನ್ನ ಮುಂದೆ ಜಾಸ್ತಿ ಕೂರುತ್ತಾರೆ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಒಂದರಿಂದ ಐದನೇ ತರಗತಿಗೆ ಪಾಠ ಮಾಡುವ ಪ್ರತಿಯೊಬ್ಬ ಶಿಕ್ಷಕರಿಗೂ, ಅತಿಥಿ ಶಿಕ್ಷಕರನ್ನೂ ಸೇರಿಸಿ, ಡಿಸ್ಲೆಕ್ಸಿಯಾ (ಬುದ್ಧಿ ಇದ್ದರೂ ಓದು ಮಾತ್ರ ಕಷ್ಟವಾಗುವ ಸ್ಥಿತಿ) ಎಂದರೇನು, ಕನ್ನಡ ಓದುವ ಮಗುವಿನಲ್ಲಿ ಅದು ಹೇಗೆ ಕಾಣುತ್ತದೆ, ಕಂಡ ಮೇಲೆ ಏನು ಮಾಡಬೇಕು ಎಂಬ ಬಗ್ಗೆ ಸರಿಯಾದ ತರಬೇತಿ ಕೊಡಿ. ಒಂದು ದಿನದ್ದಲ್ಲ. ಲಿಂಕ್ ಕಳಿಸಿ ಪ್ರಮಾಣಪತ್ರ ಡೌನ್‌ಲೋಡ್ ಮಾಡಿಸುವಂಥದ್ದೂ ಅಲ್ಲ. ವರ್ಷವಿಡೀ ನಡೆಯುವ, ಕ್ಲಾಸ್‌ರೂಮಿನ ಒಳಗೆ ಬಂದು ನೋಡುವ ತರಬೇತಿ.

ಇದು ನನ್ನ ಮನಸ್ಸಿಗೆ ಬಂದ ಹೊಸ ಬೇಡಿಕೆ ಏನಲ್ಲ. ಕಾನೂನೇ ಹೇಳುತ್ತಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು. 1995ರ ಹಳೇ ಕಾಯ್ದೆಯಲ್ಲಿ 7 ಬಗೆಯ ನ್ಯೂನತೆಗಳಿದ್ದವು. ಹೊಸದರಲ್ಲಿ 21 ಆದವು, ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಡಿಸ್ಲೆಕ್ಸಿಯಾ ಬರುವುದು ಇದರಡಿಯಲ್ಲೇ. ಮಕ್ಕಳಲ್ಲಿ ಇದನ್ನು ಆದಷ್ಟು ಬೇಗ ಗುರುತಿಸಿ, ಅದಕ್ಕೆ ತಕ್ಕ ಹಾಗೆ ಪಾಠ ಮಾಡಬೇಕು ಅಂತ ಆ ಕಾಯ್ದೆಯ 16ನೇ ಕಲಂ ಶಾಲೆಗಳಿಗೆ ಹೇಳುತ್ತದೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿ ಇನ್ನೂ ಸ್ಪಷ್ಟವಾಗಿದೆ. ಮೂರನೇ ತರಗತಿಯಲ್ಲಿ ಅಥವಾ ಎಂಟು ವರ್ಷಕ್ಕೆ, ಯಾವುದು ಮೊದಲೋ ಆಗ, ಶಾಲೆಯ ಶಿಕ್ಷಕರೇ ಮೊದಲ ಹಂತದ ತಪಾಸಣೆ ಮಾಡಬೇಕು. ಸರ್ಕಾರಿ ಆಗಲಿ ಖಾಸಗಿ ಆಗಲಿ. ಡಾಕ್ಟರು, ಮನಶ್ಶಾಸ್ತ್ರಜ್ಞರು ಎಲ್ಲ ಅದಾದ ಮೇಲೆ.

ಅಂದರೆ ಮೂರನೇ ತರಗತಿಯ ಟೀಚರ್ ಗುರುತಿಸದಿದ್ದರೆ ಆ ಮಗುವನ್ನು ಮುಂದೆ ಯಾರೂ ನೋಡುವುದಿಲ್ಲ. ಇಷ್ಟು ದೊಡ್ಡ ಕೆಲಸವನ್ನು ಆ ಟೀಚರ್ ಮೇಲೆ ಹಾಕಿದ್ದೇವೆ. ಏನನ್ನು ನೋಡಬೇಕು, ಹೇಗೆ ನೋಡಬೇಕು ಅಂತ ಮಾತ್ರ ಅವರಿಗೆ ಯಾರೂ ಕೂತು ಹೇಳಿಕೊಟ್ಟಿಲ್ಲ. ನನಗೆ ಪರಿಚಯ ಇರುವ ಟೀಚರ್‌ಗಳನ್ನು ಕೇಳಿದ್ದೇನೆ. ಡಿ.ಇಡಿ.ಯಲ್ಲಿ ಒಂದು ಪಾಠ ಇತ್ತು, ಪರೀಕ್ಷೆಗೆ ಓದಿದ್ದೆವು ಅನ್ನುತ್ತಾರೆ. ಅಷ್ಟೇ. ಇದರಲ್ಲಿ ಅವರ ತಪ್ಪು ಏನಿದೆ ಹೇಳಿ?

ತಂದೆ ತಾಯಿ ನನ್ನ ಹತ್ತಿರ ಬಂದು ಹೇಳುವ ಮಾತು ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. "ಅಕ್ಕೋರೆ, ಮಾತಿಗೆ ಭಾಳ ಚುರುಕ ಅದಾನ್ರಿ, ಅಂಗಡಿ ಲೆಕ್ಕ ಎಲ್ಲಾ ಬಾಯಾಗ ಹೇಳ್ತಾನ. ಪುಸ್ತಕ ಹಿಡದ್ರ ಮಾತ್ರ ಬಾಯಿ ಕಟ್ತೈತ್ರಿ." ಈ ಒಂದು ಮಾತಿನಲ್ಲೇ ಅರ್ಧ ವಿಷಯ ಇದೆ. 1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ಒಬ್ಬ 14 ವರ್ಷದ ಹುಡುಗನ ಬಗ್ಗೆ ಬರೆದದ್ದೂ ಇದನ್ನೇ. ಹುಡುಗ ಜಾಣ, ಆಟದಲ್ಲಿ ಮುಂದು, ಓದಲು ಮಾತ್ರ ಆಗುತ್ತಿಲ್ಲ ಅಂತ. ಆಗಿನಿಂದ ಇಲ್ಲಿಯವರೆಗೆ ಇದರ ಮೇಲೆ ಬಹಳ ಸಂಶೋಧನೆ ಆಗಿದೆ. ಇದು ಕಣ್ಣಿನ ರೋಗ ಅಲ್ಲ. ಬುದ್ಧಿ ಕಡಿಮೆ ಇರುವುದರಿಂದ ಬರುವುದೂ ಅಲ್ಲ. ಸೋಮಾರಿತನವಂತೂ ಅಲ್ಲವೇ ಅಲ್ಲ. ಮಾತಿನ ಸದ್ದುಗಳನ್ನು ಬಿಡಿಸಿ ಹಿಡಿಯುವುದು, ಆ ಸದ್ದನ್ನು ಅಕ್ಷರಕ್ಕೆ ಜೋಡಿಸುವುದು, ಜೋಡಿಸಿದ್ದನ್ನು ಬೇಗ ನೆನಪಿನಿಂದ ತೆಗೆಯುವುದು, ಇವು ಮಿದುಳಿಗೆ ಕಷ್ಟವಾಗುವ ಸ್ಥಿತಿ. ಹುಟ್ಟಿನಿಂದಲೇ ಇರುತ್ತದೆ. ವಂಶದಲ್ಲಿ ಹರಿಯುತ್ತದೆ. ಎಷ್ಟೋ ಸಲ ಮಗುವಿನ ಬಗ್ಗೆ ಮಾತಾಡುತ್ತಾ ಇರುವಾಗ ಅಪ್ಪ ಮೆಲ್ಲಗೆ, "ನಂದೂ ಹಿಂಗ ಇತ್ರಿ, ಅದಕ್ಕ ಐದನೇತ್ತಕ್ಕ ಬಿಟ್ಟೆ" ಅನ್ನುತ್ತಾರೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಡಿಸ್ಲೆಕ್ಸಿಯಾ ಬಗ್ಗೆ ನಮ್ಮಲ್ಲಿ ಎಲ್ಲಿ ಏನೇ ಹೇಳಿದರೂ ಅದು ಇಂಗ್ಲಿಷ್ ಓದುವ ಮಗುವಿನ ಕಥೆ ಆಗಿರುತ್ತದೆ. ಬಿ ಬದಲು ಡಿ ಬರೆಯುತ್ತಾರೆ, ಅಕ್ಷರ ತಿರುಗಿಸುತ್ತಾರೆ ಅಂತ. ಸಣ್ಣ ಮಕ್ಕಳು ಬಹಳಷ್ಟು ಜನ ಅಕ್ಷರ ತಿರುಗಿಸಿ ಬರೆಯುತ್ತಾರೆ, ಏಳೆಂಟು ವರ್ಷದ ಹೊತ್ತಿಗೆ ಅದು ತಾನೇ ಹೋಗುತ್ತದೆ. ಕನ್ನಡ ಶಾಲೆಯ ಟೀಚರ್ ಈ ಬಿ ಮತ್ತು ಡಿ ಹಿಡಿದುಕೊಂಡು ಏನು ಮಾಡಬೇಕು? ನಮ್ಮ ಲಿಪಿಯ ಕಷ್ಟಗಳೇ ಬೇರೆ, ನಮ್ಮ ಮಕ್ಕಳು ಎಡವುವ ಜಾಗಗಳೇ ಬೇರೆ.

ಲೆಕ್ಕ ಹಾಕಿ ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ. ಒಂದೊಂದು ವ್ಯಂಜನಕ್ಕೂ ಕಾಗುಣಿತದಲ್ಲಿ 15 ರೂಪ. ಅಲ್ಲಿಗೇ 510 ಆಯಿತು. ಅದರ ಮೇಲೆ ಒತ್ತಕ್ಷರ. ಇಂಗ್ಲಿಷ್ ಕಲಿಯುವ ಮಗು 26 ಅಕ್ಷರ ಗುರುತಿಸಿ ಮುಂದೆ ಹೋಗುತ್ತದೆ, ಕನ್ನಡದ ಮಗು ವರ್ಷಗಟ್ಟಲೆ ಅಕ್ಷರದ ರೂಪಗಳನ್ನೇ ಕಲಿಯುತ್ತಿರುತ್ತದೆ. ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಕನ್ನಡ ಓದಲು ಕಲಿಯುವ ಮಕ್ಕಳ ಮೇಲೇ ನಡೆದದ್ದು. ಅಕ್ಷರಗಳು ಪೂರ್ತಿ ಕೈಗೆ ಬರಲು ಕನ್ನಡದ ಮಕ್ಕಳಿಗೆ ಮೊದಲ ಒಂದೆರಡು ವರ್ಷ ಸಾಲುವುದಿಲ್ಲ, ಅದು ನಾಲ್ಕನೇ ತರಗತಿವರೆಗೂ ಎಳೆಯುತ್ತದೆ ಅಂತ ಅದು ತೋರಿಸಿತು. ಇದನ್ನು ತಿಳಿದ ಟೀಚರ್ ಎರಡನೇ ತರಗತಿಯಲ್ಲಿ ಒತ್ತಕ್ಷರ ತಪ್ಪಿದ ಪ್ರತಿ ಮಗುವಿನ ಬಗ್ಗೆಯೂ ಗಾಬರಿ ಆಗುವುದಿಲ್ಲ. ನಾಲ್ಕನೇ ತರಗತಿಯಲ್ಲೂ ಕಾಗುಣಿತದಲ್ಲೇ ನಿಂತಿರುವ ಮಗುವನ್ನು ಕಂಡರೆ ಸುಮ್ನೆ ಬಿಡುವುದೂ ಇಲ್ಲ.

"ಅಕ್ಕಿ" ಎಂಬ ಪದ ತಗೊಳ್ಳಿ. ಕಣ್ಣಿಗೆ ಮೊದಲು ಕಾಣುವುದು ಗುಡಿಸು ಇರುವ "ಕಿ", ಅದರ ಕೆಳಗೆ "ಕ"ಒತ್ತು. ಆದರೆ ಬಾಯಲ್ಲಿ ಇಕಾರ ಬರಬೇಕಾದ್ದು ಎರಡೂ ಕಕಾರ ಆದ ಮೇಲೆ. ನಮಗೆ ಇದು ಗೊತ್ತೇ ಆಗುವುದಿಲ್ಲ, ಅಷ್ಟು ರೂಢಿ. ಸದ್ದು ಬಿಡಿಸಲು ಕಷ್ಟ ಇರುವ ಮಗು "ಅಕಿಕ" ಅನ್ನುತ್ತದೆ, ಇಲ್ಲವೇ ಒತ್ತನ್ನು ಬಿಟ್ಟೇಬಿಡುತ್ತದೆ. "ಸೂರ್ಯ" ಇನ್ನೂ ಕಷ್ಟ. ಅರ್ಕಾವತ್ತು ಬರೆಯುವುದು ಯಕಾರ ಆದ ಮೇಲೆ, ಓದುವುದು ಯಕಾರಕ್ಕಿಂತ ಮೊದಲು. "ಸೂಯರ" ಅಂತ ಓದುವ ಮಗು ಹಟಕ್ಕೆ ಹಾಗೆ ಓದುತ್ತಿಲ್ಲ, ಕಂಡ ಕ್ರಮದಲ್ಲೇ ಓದುತ್ತಿದೆ. ಹ್ರಸ್ವ ದೀರ್ಘ ಅದಲುಬದಲಾಗುವುದು, ಪ, ಫ, ಷ ಮತ್ತು ದ, ಥ, ಧ ಒಂದರೊಳಗೊಂದು ಸೇರುವುದು, ಎತ್ವ ಏತ್ವ ಗೊತ್ತಾಗದಿರುವುದು, ಇವನ್ನು ಎಲ್ಲ ಮಕ್ಕಳೂ ಒಂದು ಕಾಲದಲ್ಲಿ ಮಾಡುತ್ತಾರೆ. ಜೊತೆಯವರೆಲ್ಲ ದಾಟಿ ಹೋದ ಮೇಲೂ, ಕಲಿಸಿ ಕಲಿಸಿ ಆದ ಮೇಲೂ, ಅದೇ ಮಗು ಅಲ್ಲೇ ಉಳಿದಿದ್ದರೆ ಆಗ ಗಮನ ಕೊಡಬೇಕು.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ. ಹಾಗಾಗಿ ಡಿಸ್ಲೆಕ್ಸಿಯಾ ಇರುವ ಎಷ್ಟೋ ಮಕ್ಕಳು ಒದ್ದಾಡಿ ಒದ್ದಾಡಿ ಕೊನೆಗೆ ತಪ್ಪಿಲ್ಲದೆ ಓದುವುದನ್ನು ಕಲಿತುಬಿಡುತ್ತಾರೆ. ಆದರೆ ವೇಗ ಬರುವುದಿಲ್ಲ. ಒಂದೊಂದೇ ಅಕ್ಷರ ಎಣಿಸುತ್ತಾ ಹೋಗುತ್ತಾರೆ. ಸಾಲಿನ ಕೊನೆ ಮುಟ್ಟುವ ಹೊತ್ತಿಗೆ ಸಾಲಿನ ಮೊದಲು ಏನಿತ್ತು ಅಂತ ಮರೆತಿರುತ್ತದೆ. ಟೀಚರ್ ಕಿವಿಗೆ ತಪ್ಪು ಬೀಳುವುದಿಲ್ಲ, "ಓದ್ತಾನೆ, ಸ್ವಲ್ಪ ನಿಧಾನ" ಅಂತ ಬಿಟ್ಟುಬಿಡುತ್ತಾರೆ. ಅದೇ ಮಗು ಇಂಗ್ಲಿಷ್‌ನಲ್ಲಿ ಪೂರ್ತಿ ಮುಳುಗುತ್ತದೆ. ನಮ್ಮ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಇದೆ, ಆರನೇ ತರಗತಿಗೆ ಹಿಂದಿ ಬರುತ್ತದೆ. ಮೂರು ಲಿಪಿ. ಮೊದಲ ಲಿಪಿಯಲ್ಲೇ ಉಸಿರು ಕಟ್ಟುತ್ತಿರುವ ಮಗುವಿಗೆ ಮತ್ತೆರಡು.

ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಆಗ ಐದನೇ ತರಗತಿ. ಪಾಠ ಓದು ಅಂದರೆ ಗಡಗಡ ಅಂತ ಓದುತ್ತಿದ್ದ. ಬೆರಳು ಮಾತ್ರ ಎರಡು ಸಾಲು ಕೆಳಗೆ ಇರುತ್ತಿತ್ತು. ಪೂರ್ತಿ ಪಾಠ ಬಾಯಿಪಾಠ. ಅಕ್ಕ ಓದುವುದನ್ನು ಕೇಳಿ ಕೇಳಿ ಇಟ್ಟುಕೊಂಡಿದ್ದ. ಅದೇ ಪಾಠದ ಪದಗಳನ್ನು ಬೇರೆ ಹಾಳೆಯಲ್ಲಿ ಬಿಡಿಬಿಡಿಯಾಗಿ ಬರೆದುಕೊಟ್ಟರೆ ಒಂದೂ ಓದಲಿಲ್ಲ. ಇಷ್ಟು ನೆನಪಿನ ಶಕ್ತಿ ಇರುವ ಹುಡುಗನಿಗೆ ಅವನ ಶಾಲೆಯಲ್ಲಿ ಇಟ್ಟ ಹೆಸರು ದಡ್ಡ. ಮನೆಯಲ್ಲಿ ತಾಯತ ಕಟ್ಟಿಸಿದ್ದರು, ನೆನಪಿನ ಶಕ್ತಿಗೆ ಅಂತ ಬಾಟಲಿ ಬಾಟಲಿ ಔಷಧಿ ಕುಡಿಸಿದ್ದರು, ಕನ್ನಡಕವನ್ನೂ ಹಾಕಿಸಿದ್ದರು. ಬಡವರ ದುಡ್ಡು. ಐದು ವರ್ಷ ಬೇರೆ ಬೇರೆ ಟೀಚರ್‌ಗಳ ಮುಂದೆ ಕೂತು ಬಂದಿದ್ದ ಅವನು. ಒಂದು ಹಾಳೆಯಲ್ಲಿ ಬಿಡಿ ಪದ ಬರೆದು ಓದಿಸಿ ನೋಡಬೇಕು ಅಂತ ಅವರಿಗೆ ಯಾವ ತರಬೇತಿಯೂ ಹೇಳಿಕೊಟ್ಟಿರಲಿಲ್ಲ.

ನೋಡುವುದು ಹೇಗೆ ಅಂತ ಗೊತ್ತಾದರೆ ಅದು ಅಂಥ ಕಷ್ಟದ್ದೂ ಅಲ್ಲ. ಮಗು ಮೊದಲು ನೋಡಿರದ ನಾಲ್ಕು ಸಾಲು ಕೊಟ್ಟು ಓದಿಸಬೇಕು. ಅರ್ಥವೇ ಇಲ್ಲದ ಪದ ಕೊಡಬೇಕು, "ಮಗಸು", "ಪರಿಬೆ" ಅಂತ, ಆಗ ಬಾಯಿಪಾಠ ನಡೆಯುವುದಿಲ್ಲ. "ಕಮಲದಲ್ಲಿ ಕ ತೆಗೆದರೆ ಏನು ಉಳಿಯಿತು?" ಅಂತ ಬಾಯಲ್ಲೇ ಕೇಳಬೇಕು. ಹಸು, ಕೊಡ, ಚಪ್ಪಲಿ, ಛತ್ರಿ ಇಂಥ ಪರಿಚಯದ ಚಿತ್ರಗಳ ಸಾಲು ತೋರಿಸಿ ಬೇಗ ಬೇಗ ಹೆಸರು ಹೇಳಿಸಬೇಕು. ಎಲ್ಲಕ್ಕಿಂತ ದೊಡ್ಡ ಸುಳಿವು ಒಂದಿದೆ. ಮಗು ಓದಲಾಗದ ಅದೇ ಪಾಠವನ್ನು ನಾವು ಓದಿ ಹೇಳಿ ಪ್ರಶ್ನೆ ಕೇಳಬೇಕು. ಎಲ್ಲದಕ್ಕೂ ಪಟಪಟ ಉತ್ತರ ಬಂದರೆ ತೊಂದರೆ ತಿಳಿವಳಿಕೆಯಲ್ಲಿಲ್ಲ, ಅಕ್ಷರದ ಹತ್ತಿರ ಇದೆ ಅಂತ ಅರ್ಥ. ಇವಿಷ್ಟರಿಂದಲೇ ಡಿಸ್ಲೆಕ್ಸಿಯಾ ಅಂತ ತೀರ್ಮಾನ ಮಾಡಲು ಬರುವುದಿಲ್ಲ, ಅದನ್ನು ಟೀಚರ್ ಮಾಡಲೂಬಾರದು. ಈ ಮಗುವನ್ನು ತಜ್ಞರ ತಪಾಸಣೆಗೆ ಕಳಿಸಬೇಕು ಅನ್ನುವಷ್ಟು ಗೊತ್ತಾಗುತ್ತದೆ. ಅವರಿಂದ ಕೇಳುತ್ತಿರುವುದೂ ಅಷ್ಟೇ.

ಇದಕ್ಕೆ ಕನ್ನಡದಲ್ಲೇ ಸಾಮಗ್ರಿ ಕೂಡ ಇದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಡಾಲಿ ಎಂಬ ಸಾಧನ ಹೊರತಂದಿತು, ಹಿಂದಿ, ಮರಾಠಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ. ಅದರಲ್ಲಿ ಶಿಕ್ಷಕರೇ ಬಳಸುವ ತಪಾಸಣಾ ಪಟ್ಟಿಗಳಿವೆ, ಒಂದು ಮತ್ತು ಎರಡನೇ ತರಗತಿಗೆ ಒಂದು ಪಟ್ಟಿ, ಮೂರರಿಂದ ಐದಕ್ಕೆ ಇನ್ನೊಂದು. ಬೆಂಗಳೂರಿನ ನಿಮ್ಹಾನ್ಸ್ ಮಾಡಿದ ಪರೀಕ್ಷಾ ಸರಣಿಯನ್ನು ದೇಶದ ತುಂಬಾ ಬಳಸುತ್ತಾರೆ. ಮೈಸೂರಿನ ಆಯಿಷ್, ಅಂದರೆ ವಾಕ್ ಶ್ರವಣ ಸಂಸ್ಥೆ, ಕನ್ನಡ ಮಕ್ಕಳ ಓದಿನ ಮೇಲೆ ಬಹಳ ಕಾಲದಿಂದ ಕೆಲಸ ಮಾಡುತ್ತಿದೆ. ನಮ್ಮ ರಾಜ್ಯದಲ್ಲೇ ಇಂಥ ಎರಡು ದೊಡ್ಡ ಸಂಸ್ಥೆ ಇಟ್ಟುಕೊಂಡು ಅವುಗಳ ಜ್ಞಾನ ಕುಷ್ಟಗಿಯ ತಾಂಡಾ ಶಾಲೆಗೆ ಮುಟ್ಟಿಲ್ಲ ಅಂದರೆ ಹೇಗೆ?

ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು, ಇಲ್ಲದಿದ್ದರೆ ತರಬೇತಿಯೇ ಮಕ್ಕಳಿಗೆ ಕೇಡು ಮಾಡುತ್ತದೆ. ಓದಲು ಬಾರದ ಮಕ್ಕಳೆಲ್ಲ ಡಿಸ್ಲೆಕ್ಸಿಯಾ ಇರುವವರಲ್ಲ. ನಮ್ಮ ಕಡೆ ಇದನ್ನು ಇನ್ನೂ ಹುಷಾರಾಗಿ ನೋಡಬೇಕು. ಗುಳೆ ಹೋಗುವ ಮನೆಯ ಮಗು ವರ್ಷದಲ್ಲಿ ಎಷ್ಟೋ ತಿಂಗಳು ಶಾಲೆಯಲ್ಲೇ ಇರುವುದಿಲ್ಲ, ಅಕ್ಷರ ಕಲಿಯಲು ಅದಕ್ಕೆ ಅವಕಾಶವೇ ಸಿಕ್ಕಿಲ್ಲ. ಕಿವಿ ಸೋರುವ ಮಗುವಿಗೆ ತ ಮತ್ತು ದ ಬೇರೆಯಾಗಿ ಕೇಳಿಸದೇ ಇರಬಹುದು. ಹಿಂದಿನ ಬೆಂಚಿನ ಮಗುವಿಗೆ ಬೋರ್ಡೇ ಕಾಣದೇ ಇರಬಹುದು. ಇವನ್ನು ಮೊದಲು ನೋಡಬೇಕು.

ಭಾಷೆಯ ವಿಷಯವೂ ಹಾಗೇ. ಪುಸ್ತಕದಲ್ಲಿ "ಮನೆಯಲ್ಲಿ" ಅಂತ ಇದ್ದದ್ದನ್ನು ನಮ್ಮ ಮಗು "ಮನ್ಯಾಗ" ಅಂತ ಓದುತ್ತದೆ, "ಹೋಗುತ್ತಾನೆ" ಅಂತ ಇದ್ದರೆ "ಹೊಕ್ಕಾನ" ಅನ್ನುತ್ತದೆ. ಅದು ತಪ್ಪು ಓದು ಅಂತ ಗುರುತು ಹಾಕುವವರಿದ್ದಾರೆ. ಆ ಮಗು ಓದಿದೆ, ಅರ್ಥವನ್ನೂ ಹಿಡಿದಿದೆ, ತನ್ನ ಬಾಯಿಮಾತಿನಲ್ಲಿ ಹೇಳಿದೆ. ಸಂತೋಷ ಪಡಬೇಕಾದ ವಿಷಯ. "ಭಾರತ"ವನ್ನು "ಬಾರತ" ಅನ್ನುವುದು ಕೂಡ ಇಲ್ಲಿನ ಉಚ್ಚಾರ, ನ್ಯೂನತೆ ಅಲ್ಲ. ಕ್ಯಾಂಪಿನ ಮಗು ಮನೆಯಲ್ಲಿ ತೆಲುಗು, ಊರೊಳಗಿನ ಎಷ್ಟೋ ಮಕ್ಕಳು ಮನೆಯಲ್ಲಿ ಉರ್ದು, ತಾಂಡಾದ ಮಗು ಲಂಬಾಣಿ ಮಾತಾಡುತ್ತದೆ. ಅವರಿಗೆ ಕನ್ನಡ ಪದಗಳೇ ಹೊಸದು. ಇಂಥ ಕಡೆ ಟೀಚರ್ ಕೇಳಬೇಕಾದ ಪ್ರಶ್ನೆ ಒಂದಿದೆ. ಮನೆಮಾತಿನಲ್ಲೂ ಈ ಮಗುವಿಗೆ ಪ್ರಾಸ ಹಿಡಿಯುವುದು, ಪದದ ಸದ್ದು ಬಿಡಿಸುವುದು, ವಾರದ ಹೆಸರು ಸಾಲಾಗಿ ಹೇಳುವುದು ಕಷ್ಟವಾ? ತೆಲುಗಿನಲ್ಲೂ ಕಷ್ಟ, ಕನ್ನಡದಲ್ಲೂ ಕಷ್ಟ ಅಂದರೆ ಅನುಮಾನ ಪಡಬಹುದು. ಕನ್ನಡದಲ್ಲಿ ಮಾತ್ರ ಕಷ್ಟ ಅಂದರೆ ಆ ಮಗುವಿಗೆ ಬೇಕಾದ್ದು ಕನ್ನಡದ ಮಾತು, ನ್ಯೂನತೆಯ ಪ್ರಮಾಣಪತ್ರ ಅಲ್ಲ. ಬೆಂಗಳೂರಿನಲ್ಲಿ ಕೂತು ಮಾಡಿದ ಒಂದೇ ಪವರ್‌ಪಾಯಿಂಟ್ ಎಲ್ಲ ಜಿಲ್ಲೆಗೂ ಸಾಲುವುದಿಲ್ಲ ಅಂತ ನಾನು ಹೇಳುವುದು ಇದಕ್ಕೇ. ಮುನಿರಾಬಾದಿನ ಡಯಟ್ ಇದನ್ನು ಇಲ್ಲಿನ ಮಕ್ಕಳ ಬಾಯಿಂದ, ಇಲ್ಲಿನ ನೋಟ್‌ಬುಕ್‌ಗಳಿಂದ ಕಟ್ಟಬೇಕು.

ಹುಡುಗಿಯರ ಬಗ್ಗೆ ಬೇರೆಯಾಗಿ ಹೇಳಲೇಬೇಕು. ಓದಲು ಬಾರದ ಹುಡುಗ ಗಲಾಟೆ ಮಾಡುತ್ತಾನೆ, ಪಕ್ಕದವರನ್ನು ಹೊಡೆಯುತ್ತಾನೆ, ಹಾಗಾಗಿ ಯಾರಾದರೂ ಅವನ ಕಡೆ ನೋಡುತ್ತಾರೆ. ಹುಡುಗಿ ಸುಮ್ಮನೆ ಕೂರುತ್ತಾಳೆ. ಬೋರ್ಡ್ ಮೇಲಿದ್ದದ್ದನ್ನು ಗುಂಡಗೆ, ಚಂದವಾಗಿ ನಕಲು ಮಾಡುತ್ತಾಳೆ. ನೋಟ್‌ಬುಕ್ ನೋಡಿದವರು ಮೆಚ್ಚಿ ಸಹಿ ಹಾಕುತ್ತಾರೆ. ಅವಳು ಬರೆದ ಒಂದು ಸಾಲನ್ನು ಅವಳಿಂದಲೇ ಓದಿಸಿ ನೋಡಿ, ಆಗ ಗೊತ್ತಾಗುತ್ತದೆ. ಏಳನೇ ತರಗತಿ ಮುಗಿಯಿತು ಅಂದರೆ "ಓದು ಹತ್ತಲಿಲ್ಲ" ಅಂತ ಹೇಳಿ ಹೊಲಕ್ಕೆ ಕರೆದುಕೊಂಡು ಹೋಗುತ್ತಾರೆ, ಆಮೇಲೆ ಮದುವೆ. ಗುರುತಿಸದೇ ಹೋದ ಹುಡುಗಿಯರು ಯಾವ ಲೆಕ್ಕದಲ್ಲೂ ಸಿಗುವುದಿಲ್ಲ. ನನಗೆ ಅತಿ ಹೆಚ್ಚು ಸಂಕಟ ಆಗುವುದು ಇಲ್ಲಿ.

ಈಗ ಆಗುತ್ತಿರುವುದು ಏನು? ಎನ್‌ಸಿಇಆರ್‌ಟಿ 2022ರಲ್ಲಿ ಪ್ರಶಸ್ತ್ ಅಂತ ಒಂದು ಆ್ಯಪ್ ತಂದಿದೆ. ಟೀಚರ್ ಅದರಲ್ಲಿ ಪ್ರತಿ ಮಗುವಿನ ಬಗ್ಗೆ ಪ್ರಶ್ನೆಗಳಿಗೆ ಉತ್ತರ ತುಂಬಬೇಕು, 21 ನ್ಯೂನತೆಗಳೂ ಅದರಲ್ಲಿವೆ. ಒಳ್ಳೆಯದೇ. ಆದರೆ ಆ ಪ್ರಶ್ನೆಗೆ ಹೌದು ಅಥವಾ ಇಲ್ಲ ಅಂತ ಒತ್ತುವ ಮೊದಲು ಟೀಚರ್‌ಗೆ ಆ ಮಗುವಿನ ಓದನ್ನು ಹೇಗೆ ಕೇಳಬೇಕು ಅಂತ ಗೊತ್ತಿರಬೇಕಲ್ವಾ? ಗೊತ್ತಿಲ್ಲದೆ ಒತ್ತಿದರೆ ಮೇಲಿನವರಿಗೆ ಅಂಕಿ ಸಿಗುತ್ತದೆ, ಮಗುವಿಗೆ ಏನೂ ಸಿಗುವುದಿಲ್ಲ. ಇನ್ನು ಶಾಲೆಗೆ ಬಂದು ಮಕ್ಕಳ ಆರೋಗ್ಯ ನೋಡುವ ಸರ್ಕಾರಿ ಯೋಜನೆ ಆರ್‌ಬಿಎಸ್‌ಕೆಯ ಡಾಕ್ಟರ ತಂಡ 2013ರಿಂದ ಇದೆ, ಅವರು ನೋಡಬೇಕಾದ 30 ತೊಂದರೆಗಳ ಪಟ್ಟಿಯಲ್ಲಿ ಕಲಿಕಾ ತೊಂದರೆಯೂ ಇದೆ. ವರ್ಷಕ್ಕೊಮ್ಮೆ ಬಂದು ಇಡೀ ಶಾಲೆಯನ್ನು ನೋಡುವ ತಂಡಕ್ಕೆ ಒಂದು ಮಗುವಿನ ಓದಿನ ಕಷ್ಟ ಹೇಗೆ ಕಾಣಬೇಕು? ಹಲ್ಲು, ಕಣ್ಣು, ರಕ್ತಹೀನತೆ ಕಾಣುತ್ತದೆ. ಓದಿನ ಕಷ್ಟ ದಿನಾ ಜೊತೆಗಿರುವವರಿಗೆ ಮಾತ್ರ ಕಾಣುತ್ತದೆ.

ತರಬೇತಿ ಹೇಗಿರಬೇಕು ಅಂತ ಕೇಳಿದರೆ ನನ್ನ ಮಾತು ಇದು. ಮೊದಲ ಎರಡು ಮೂರು ದಿನ ಡಯಟ್‌ನಲ್ಲೋ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲೋ (ಬಿಆರ್‌ಸಿ) ಕೂರಿಸಿ. ಓದು ಅನ್ನುವುದು ಮಿದುಳಿನಲ್ಲಿ ಹೇಗೆ ಬೆಳೆಯುತ್ತದೆ ಅನ್ನುವುದರಿಂದ ಶುರು ಮಾಡಿ. ಟೀಚರ್‌ಗಳು ತಮ್ಮ ಶಾಲೆಯ ನಿಜವಾದ ನೋಟ್‌ಬುಕ್‌ಗಳನ್ನು ತರಲಿ, ಮಗುವಿನ ಹೆಸರು ಮುಚ್ಚಿ ಮೇಜಿನ ಮೇಲೆ ಇಡಲಿ, ಯಾವ ತಪ್ಪು ಯಾಕೆ ಆಯಿತು ಅಂತ ಎಲ್ಲರೂ ಸೇರಿ ನೋಡಲಿ. ಮಕ್ಕಳು ಓದಿದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ತಂದು ಕೇಳಿಸಲಿ, ಅಪ್ಪ ಅಮ್ಮನ ಒಪ್ಪಿಗೆ ಪಡೆದು. ಆಮೇಲೆ ಅವರನ್ನು ಶಾಲೆಗೆ ಕಳಿಸಿ, ಆರು ವಾರ ಬಿಟ್ಟು ಮತ್ತೆ ಕರೆಯಿರಿ. ಅಕ್ಕಪಕ್ಕದ ಶಾಲೆಗಳು ಸೇರಿದ ಕ್ಲಸ್ಟರ್‌ನ ಸಮಾಲೋಚನಾ ಸಭೆಗಳು ಹೇಗೂ ನಡೆಯುತ್ತವೆ, ಅದರಲ್ಲಿ ಒಂದು ಗಂಟೆ ಇದಕ್ಕೇ ಇಡಿ. ಕ್ಲಸ್ಟರ್‌ನ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಶಾಲೆಗೆ ಹೋದಾಗ ದಾಖಲೆ ನೋಡುವುದರ ಜೊತೆಗೆ ಒಂದು ಮಗುವಿನ ಓದನ್ನು ಟೀಚರ್ ಪಕ್ಕ ಕೂತು ಕೇಳಲಿ. ಸೈಕಲ್ ಹೊಡೆಯುವುದನ್ನು ಬೋರ್ಡ್ ಮೇಲೆ ಬರೆದು ಕಲಿಸಲು ಆಗುವುದಿಲ್ಲ, ಇದೂ ಹಾಗೇ. ಸಣ್ಣ ತರಗತಿಗಳಿಗೆ ಚಟುವಟಿಕೆಯಿಂದ, ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ನಲಿಕಲಿ ಟೀಚರ್‌ಗಳನ್ನು ಮುಂದೆ ಇಡಿ. ರ ಗ ಸ ದ ಅ ಇಂದ ಶುರು ಮಾಡಿ ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಅಂತ ಅವರ ಹತ್ತಿರ ಈಗಾಗಲೇ ಲೆಕ್ಕ ಇರುತ್ತದೆ. ಒಂದೇ ಮೆಟ್ಟಿಲಲ್ಲಿ ತಿಂಗಳುಗಟ್ಟಲೆ ನಿಂತ ಮಗುವನ್ನು ಅವರಿಗಿಂತ ಬೇಗ ಯಾರು ಹೇಳಬಲ್ಲರು?

ಗುರುತಿಸಿದರೆ ಸಾಲದು, ಮರುದಿನ ಕ್ಲಾಸ್‌ನಲ್ಲಿ ಏನು ಮಾಡಬೇಕು ಅನ್ನುವುದೂ ತರಬೇತಿಯಲ್ಲಿ ಇರಬೇಕು. ಡಾಕ್ಟರ ಕಾಗದ ಬರುವ ತನಕ ಕಾಯುವ ಅಗತ್ಯ ಇಲ್ಲ, ಪ್ರಮಾಣಪತ್ರ ಎಂಟು ವರ್ಷ ಆಗುವ ತನಕ ಕೊಡುವುದೂ ಇಲ್ಲ. ಸದ್ದು ಮೊದಲು, ಅಕ್ಷರ ಆಮೇಲೆ. ಒಂದು ಸಲಕ್ಕೆ ಸ್ವಲ್ಪವೇ, ಆದರೆ ನೇರವಾಗಿ, ಕ್ರಮವಾಗಿ, ನಿನ್ನೆಯದನ್ನು ಮತ್ತೆ ಸೇರಿಸಿಕೊಂಡು. ಮರಳಿನಲ್ಲಿ ಬೆರಳಿಂದ ಬರೆಯುತ್ತಾ ಬಾಯಲ್ಲಿ ಹೇಳಿಸಬೇಕು. ಕಾಗುಣಿತದ ಸರಣಿಯನ್ನು ಹಾಡಿನ ಹಾಗೆ ಹೇಳಿಸಿದರೆ ಸಾಲದು, ನಡುವಿನಿಂದ ಒಂದನ್ನು ತೆಗೆದು ತೋರಿಸಬೇಕು, ಯಾಕೆಂದರೆ "ಕ ಕಾ ಕಿ ಕೀ" ಸರಾಗ ಹೇಳುವ ಮಗುವಿಗೆ ಬಿಡಿಯಾಗಿ "ಕೂ" ತೋರಿಸಿದರೆ ಗೊತ್ತಾಗದೇ ಇರಬಹುದು. ಮಗುವನ್ನು ಎಲ್ಲರ ಮುಂದೆ ನಿಲ್ಲಿಸಿ ಓದಿಸಬಾರದು, ದಯವಿಟ್ಟು ಇದನ್ನಂತೂ ನಾಳೆಯಿಂದಲೇ ನಿಲ್ಲಿಸಲು ಹೇಳಿ. ಸಮಾಜ ವಿಜ್ಞಾನದ ಉತ್ತರವನ್ನು ಬಾಯಲ್ಲಿ ಹೇಳಿಸಿಕೊಳ್ಳಿ. ತಪ್ಪು ಕಾಗುಣಿತಕ್ಕೆ ವಿಜ್ಞಾನದಲ್ಲಿ ಅಂಕ ಕಳೆಯಬೇಡಿ. ಇದಕ್ಕೆ ದುಡ್ಡು ಬೇಡ.

ಆಮೇಲಿನ ದಾರಿಗೆ ಮಾತ್ರ ದುಡ್ಡು ಬೇಕು, ಜನ ಬೇಕು. ಟೀಚರ್ ಹೆಸರು ಬರೆದು ಕೊಟ್ಟ ಮೇಲೆ ಮಗು ಎಲ್ಲಿಗೆ ಹೋಗಬೇಕು? ವಿಕಲಚೇತನ ಮಕ್ಕಳಿಗೆಂದೇ ಇರುವ ತಾಲ್ಲೂಕು ಮಟ್ಟದ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಇದ್ದಾರೆ, ಆದರೆ ಒಂದಿಡೀ ತಾಲ್ಲೂಕಿನ ಎಲ್ಲ ಬಗೆಯ ವಿಕಲಚೇತನ ಮಕ್ಕಳೂ ಬೆರಳೆಣಿಕೆಯ ಜನರ ಮೇಲೆ. ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ, ಪ್ರಾಥಮಿಕದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಪ್ರೌಢದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಬೇಕು ಅಂತ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಮಕ್ಕಳ ಡಾಕ್ಟರು ಮತ್ತು ಮನಶ್ಶಾಸ್ತ್ರಜ್ಞರು ವಾರದಲ್ಲಿ ಒಂದು ದಿನ ಕೂತು ಓದಿನ ತೊಂದರೆ ಇರುವ ಮಕ್ಕಳನ್ನೇ ನೋಡುವ ವ್ಯವಸ್ಥೆ ಮೂರೂ ಕಡೆ ಬೇಕು. ಹಮಾಲಿ ಮಾಡುವ ಅಪ್ಪ ಕೂಲಿ ಬಿಟ್ಟು ಮಗನನ್ನು ಕರೆದುಕೊಂಡು ಮೈಸೂರಿಗೆ ರಾತ್ರಿ ಬಸ್ಸು ಹತ್ತಬೇಕು ಅಂದರೆ ಅವನು ಹತ್ತುವುದಿಲ್ಲ.

ನ್ಯೂನತೆಯ ಪ್ರಮಾಣಪತ್ರ ಯಾಕೆ ಮುಖ್ಯ ಅಂತ ಪೋಷಕರಿಗೂ ಹೇಳಬೇಕು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ಸಹಾಯ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲ ಆ 2016ರ ಕಾಯ್ದೆಯ 17ನೇ ಕಲಂನಲ್ಲೇ ಇವೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದಾಗಲೆಲ್ಲ ನಮ್ಮ ಕಲ್ಯಾಣ ಕರ್ನಾಟಕ ಹಿಂದೆ ಬಿತ್ತು ಅಂತ ಚರ್ಚೆ ಆಗುತ್ತದೆ. ಹತ್ತನೇ ತರಗತಿಯಲ್ಲಿ ವಿಶೇಷ ತರಗತಿ, ರಾತ್ರಿ ಓದು, ಪಾಸಿಂಗ್ ಪ್ಯಾಕೇಜ್ ಎಲ್ಲ ನಡೆಯುತ್ತದೆ. ಹಾಗೆ ಬೀಳುವ ಮಕ್ಕಳಲ್ಲಿ ಮೂರನೇ ತರಗತಿಯಲ್ಲೇ ಗುರುತಿಸಬಹುದಾಗಿದ್ದ ಮಕ್ಕಳೂ ಇದ್ದಾರೆ. ಸಹಾಯ ಅಲ್ಲಿಂದ ಶುರುವಾಗಬೇಕು.

ಮಂಡಳಿಯ ಅಧ್ಯಕ್ಷರಿಗೆ ಒಂದು ಮಾತು. ಅಕ್ಷರ ಆವಿಷ್ಕಾರದ ಹೆಸರಲ್ಲಿ ನೀವು ಶಿಕ್ಷಣಕ್ಕೆ ಹಣ ಇಟ್ಟಿದ್ದೀರಿ, ಅದಕ್ಕೆ ಮನಸಾರೆ ಧನ್ಯವಾದ. ಕೊಠಡಿ ಬೇಕು, ಬೆಂಚು ಬೇಕು, ಸ್ಮಾರ್ಟ್ ಕ್ಲಾಸ್ ಆದರೂ ಆಗಲಿ. ಆ ಕೊಠಡಿಯಲ್ಲಿ ನಿಲ್ಲುವ ಟೀಚರ್‌ಗೆ ಓದಿನ ಕಷ್ಟ ಗುರುತಿಸಲು ಕಲಿಸುವುದಕ್ಕೂ ಅದರಲ್ಲಿ ಒಂದು ಪಾಲು ಇಡಿ. ನಮ್ಮ ಕಡೆ ಖಾಲಿ ಹುದ್ದೆ ಜಾಸ್ತಿ, ಅತಿಥಿ ಶಿಕ್ಷಕರೇ ಎಷ್ಟೋ ಶಾಲೆ ನಡೆಸುತ್ತಿದ್ದಾರೆ. ಅವರನ್ನು ಬಿಟ್ಟು ತರಬೇತಿ ಕೊಟ್ಟರೆ ಒಂದನೇ ಎರಡನೇ ತರಗತಿಯ ಎಷ್ಟೋ ಮಕ್ಕಳು ಹೊರಗೇ ಉಳಿಯುತ್ತಾರೆ. ತರಬೇತಿಗೆ ಬಂದ ದಿನದ ಗೌರವಧನವನ್ನು ಅವರಿಗೂ ಕೊಡಿ.

ಟೀಚರ್‌ಗಳ ಮೇಲೆ ಈಗಲೇ ಕೆಲಸ ಜಾಸ್ತಿ ಇದೆ ಅಂತ ನನಗೆ ಗೊತ್ತು. ಬಿಸಿಯೂಟದ ಲೆಕ್ಕ, ಮೊಟ್ಟೆ ಲೆಕ್ಕ, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ, ಸಮೀಕ್ಷೆ, ದಿನಾ ಯಾವುದೋ ಆ್ಯಪ್. ಇದೂ ಇನ್ನೊಂದು ಹೊರೆ ಆಗಬಾರದು. ಹಾಗಾಗಿ ತರಬೇತಿ ಕೊಡುವಾಗ ಬೇರೆ ಏನನ್ನಾದರೂ ಅವರ ಮೇಲಿಂದ ಇಳಿಸಿ ಕೊಡಿ. ನಾನು ಮಾತಾಡಿಸಿದ ಟೀಚರ್‌ಗಳಲ್ಲಿ ಇದು ಬೇಡ ಅಂದವರು ಯಾರೂ ಇಲ್ಲ. "ಇಂಥದ್ದೊಂದು ಗೊತ್ತಿದ್ರ ಎಷ್ಟು ಹುಡುಗರಿಗೆ ಬೈಯೋದು ತಪ್ತಿತ್ತು" ಅಂದವರೇ ಹೆಚ್ಚು.

ಈ ಬಾರಿ ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ಗಂಗಾವತಿ ತಾಲ್ಲೂಕಿನ ಒಂದೇ ಒಂದು ಕ್ಲಸ್ಟರ್ ಆರಿಸಿಕೊಂಡು ಶುರು ಮಾಡಿ ನೋಡಿ. ಆಯಿಷ್ ಮತ್ತು ನಿಮ್ಹಾನ್ಸ್‌ಗೆ ಡಯಟ್‌ನಿಂದ ಒಂದು ಪತ್ರ ಹೋಗಲಿ, ಅವರ ತಜ್ಞರು ಬಂದು ನಮ್ಮ ಸಂಪನ್ಮೂಲ ವ್ಯಕ್ತಿಗಳನ್ನು ತಯಾರು ಮಾಡಲಿ. ನನ್ನ ಹತ್ತಿರ ಬರುವ ಮಕ್ಕಳ ಪೋಷಕರು ಕೆಲವರು ತಮ್ಮ ಮಕ್ಕಳ ನೋಟ್‌ಬುಕ್ ತರಬೇತಿಗೆ ಕೊಡಲು ಒಪ್ಪಿದ್ದಾರೆ. ಯಾವ ದಿನ, ಎಲ್ಲಿಗೆ ತರಬೇಕು ಅಂತ ತಿಳಿಸಿದರೆ ಸಾಕು, ಮುನಿರಾಬಾದಿಗೆ ನಾನೇ ತಂದು ಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗಂಗಾವತಿಯ ಒಬ್ಬ ಮನೆಪಾಠದ ಶಿಕ್ಷಕಿ